ಈ ಸ್ಲ್ಯಾಬ್ ಗಾಡಿ ತಡೆಯುತ್ತದಾ? ದಪ್ಪ ಅಳೆಯುವ ಮೊದಲು ಅಡಿಯಲ್ಲೇನಿದೆ ನೋಡಿ

"ನಾಲ್ಕಿಂಚು ಸ್ಲ್ಯಾಬ್ ಇದೆ, ಕಾರು ನಿಲ್ಲಿಸಬಹುದಾ?" ಅಂತ ಕೇಳಿದರೆ ಒಬ್ಬರು ಆರಾಮಾಗಿ ನಿಲ್ಲಿಸಿ ಅನ್ನುತ್ತಾರೆ, ಇನ್ನೊಬ್ಬರು ಆರಿಂಚಾದರೂ ಬೇಕು ಅನ್ನುತ್ತಾರೆ. ಇಬ್ಬರೂ ಆ ಸ್ಲ್ಯಾಬ್ ಯಾವುದರ ಮೇಲೆ ಕೂತಿದೆ ಅಂತ ಕೇಳಿರುವುದಿಲ್ಲ. ಅದೇ ನಾಲ್ಕಿಂಚು ಗಟ್ಟಿ ನೆಲದ ಮೇಲಿದ್ದರೆ ಇಪ್ಪತ್ತು ವರ್ಷ ಕಾರು ಹೊರಬಹುದು. ತೊಟ್ಟಿಯ ಮೇಲೆ ಮುಚ್ಚಳದ ಹಾಗೆ ಕೂತಿದ್ದರೆ ಒಂದು ದಿನ ಏನೂ ಸೂಚನೆ ಕೊಡದೆ ಕೆಳಗೆ ಹೋಗಬಹುದು. ಹಾಗಾಗಿ ಇಲ್ಲಿ ನಾನು ಹೇಳುವುದೆಲ್ಲ ಒಂದೇ ಕ್ರಮದಲ್ಲಿದೆ. ಮೊದಲು ಅಡಿಯಲ್ಲೇನಿದೆ, ಆಮೇಲೆ ಚಕ್ರದ ಭಾರ ಎಷ್ಟು, ಅದಾದ ಮೇಲೆ ದಪ್ಪ, ಕಬ್ಬಿಣ, ಬಿರುಕು.

ಮುಂದೆ ಓದುವ ಮೊದಲು ಒಂದು ಮಾತು. ನಿಮ್ಮ ಸ್ಲ್ಯಾಬ್ ಕೆಳಗೆ ಸಂಪು, ಸೆಪ್ಟಿಕ್ ಟ್ಯಾಂಕ್, ಹಳೇ ಬಾವಿ, ಚರಂಡಿ ಅಥವಾ ನೆಲಮಾಳಿಗೆ ಇದೆ ಅಂತ ಗೊತ್ತಿದ್ದರೆ, ಅಥವಾ ಇರಬಹುದು ಅನ್ನುವ ಅನುಮಾನ ಇದ್ದರೆ, ಗಾಡಿಯನ್ನು ಈಗಲೇ ಅಲ್ಲಿಂದ ತೆಗೆಯಿರಿ. ಸ್ಲ್ಯಾಬಿನ ತಳದಲ್ಲಿ ತುಕ್ಕು ಹಿಡಿದ ಕಬ್ಬಿಣ ಕಾಣುತ್ತಿದ್ದರೆ, ನಡುಭಾಗ ಕಣ್ಣಿಗೆ ಕಾಣುವಷ್ಟು ಬಗ್ಗಿದ್ದರೆ, ಸ್ಲ್ಯಾಬ್ ಗೋಡೆಯಿಂದ ಬಾಲ್ಕನಿಯ ಹಾಗೆ ಹೊರಕ್ಕೆ ಚಾಚಿದ್ದರೆ, ಮೊನ್ನೆ ಇಲ್ಲದ ಬಿರುಕು ಇವತ್ತು ಕಂಡಿದ್ದರೆ, ಆಗಲೂ ಅಷ್ಟೇ. ಪರೀಕ್ಷೆ ಮಾಡುವುದು ಗಾಡಿ ತೆಗೆದ ಮೇಲೆ. ಮೇಲೆ ಗಾಡಿ ನಿಂತಿರುವಾಗ ಕೆಳಗೆ ಹೋಗಿ ನೋಡುವ ಕೆಲಸ ಯಾರೂ ಮಾಡಬಾರದು. ಸೆಪ್ಟಿಕ್ ಟ್ಯಾಂಕ್ ಆಗಲಿ, ಮುಚ್ಚಿಟ್ಟ ಬಾವಿಯಾಗಲಿ, ಗಾಡಿ ಇದ್ದರೂ ಇಲ್ಲದಿದ್ದರೂ ಒಳಗೆ ಇಳಿಯಬೇಡಿ, ತಲೆಯನ್ನೂ ತೂರಿಸಬೇಡಿ. ಅಲ್ಲಿ ಆಮ್ಲಜನಕ ಇರದೇ ಇರಬಹುದು, ವಿಷಾನಿಲ ಇರಬಹುದು, ಒಳಗಿಳಿದವರು ಎರಡು ಉಸಿರಿಗೆ ಪ್ರಜ್ಞೆ ತಪ್ಪಿ ಬೀಳುತ್ತಾರೆ, ಅವರನ್ನು ಎತ್ತಲು ಹೋದವರೂ ಬೀಳುತ್ತಾರೆ. ಮುಚ್ಚಳ ತೆಗೆದು, ದೂರದಲ್ಲಿ ನಿಂತು, ಕೋಲಿಗೆ ಫೋನ್ ಕಟ್ಟಿ ವಿಡಿಯೊ ತೆಗೆದರೆ ನೋಡಬೇಕಾದದ್ದು ಬಹುಪಾಲು ಸಿಗುತ್ತದೆ.

ನೆಲದ ಮೇಲಿದೆಯಾ, ತೂಗಾಡುತ್ತಿದೆಯಾ?

ಹೊಸ ಮನೆಯಾದರೆ ನಕ್ಷೆ ಇರುತ್ತದೆ. ಹಳೇ ಮನೆಯಲ್ಲಿ ನೀವೇ ಪತ್ತೆ ಹಚ್ಚಬೇಕು. ಆಸುಪಾಸಿನಲ್ಲಿ ಕಬ್ಬಿಣದ ಅಥವಾ ಕಾಂಕ್ರೀಟಿನ ಮುಚ್ಚಳ ಇದೆಯಾ ನೋಡಿ. ಗಾಳಿ ಹೋಗುವ ಪೈಪು ನೆಲದಿಂದ ಎದ್ದಿದೆಯಾ, ಶೌಚಾಲಯದ ಪೈಪು ಮನೆಯಿಂದ ಹೊರಬಿದ್ದು ಯಾವ ಕಡೆ ಹೋಗುತ್ತದೆ, ಪಂಪಿನ ಪೈಪು ಎಲ್ಲಿ ನೆಲದೊಳಕ್ಕೆ ಇಳಿಯುತ್ತದೆ, ಇದನ್ನೆಲ್ಲ ಹಿಂಬಾಲಿಸಿ. ಹಳಬರು ಯಾರಾದರೂ ಇದ್ದರೆ ಕೇಳಿ. ಮುಚ್ಚಿದ ಬಾವಿಯ ಮೇಲೆ ಸ್ಲ್ಯಾಬ್ ಹಾಕಿ, ಅದರ ಮೇಲೆ ಟೈಲ್ಸ್ ಹಾಕಿ, ಕೊನೆಗೆ ಮನೆ ಮಾರಿ ಹೋದವರಿದ್ದಾರೆ. ಕೊಂಡವರಿಗೆ ಗೊತ್ತೇ ಇರುವುದಿಲ್ಲ.

ಆಮೇಲೆ ಬಡಿದು ನೋಡಿ. ಅರ್ಧ ಕೆಜಿ ಸುತ್ತಿಗೆ ಅಥವಾ ದಪ್ಪ ಕಬ್ಬಿಣದ ಸರಳು ತೆಗೆದುಕೊಂಡು, ಒಂದು ಮೂಲೆಯಿಂದ ಶುರು ಮಾಡಿ, ಒಂದೊಂದು ಅಡಿಗೆ ಒಮ್ಮೆ ತಟ್ಟುತ್ತ ಹೋಗಿ. ಅಡಿಯಲ್ಲಿ ನೆಲ ಭದ್ರವಾಗಿದ್ದರೆ ಸದ್ದು ಗಟ್ಟಿಯಾಗಿ, ಕಿರಿದಾಗಿ ಇರುತ್ತದೆ. ಟೊಳ್ಳಿದ್ದರೆ ಡಬ್ಬ ಬಡಿದ ಹಾಗೆ ಡೊಳ್ಳು ಸದ್ದು ಬರುತ್ತದೆ. ಬದಲಾದ ಜಾಗವನ್ನೆಲ್ಲ ಸೀಮೆಸುಣ್ಣದಲ್ಲಿ ಗುರುತು ಮಾಡಿ. ದೊಡ್ಡ ಹರವಾದರೆ ಭಾರದ ಸರಪಳಿ ಎಳೆದರೂ ಇದೇ ಕೆಲಸ ಆಗುತ್ತದೆ, ಸೇತುವೆ ಪರೀಕ್ಷೆ ಮಾಡುವವರು ಕಾಂಕ್ರೀಟಿನ ಪದರ ಬಿಟ್ಟುಕೊಂಡ ಜಾಗ ಹುಡುಕುವುದು ಹೀಗೇ. ಮೇಲೆ ಟೈಲ್ಸ್ ಇದ್ದರೆ ಈ ಸದ್ದನ್ನು ನಂಬಬೇಡಿ, ಟೈಲ್ಸ್ ಬಿಟ್ಟುಕೊಂಡಿದ್ದರೂ ಅದೇ ಸದ್ದು ಬರುತ್ತದೆ. ಗುರುತು ಮಾಡಿದ ಮೇಲೆ ಎದ್ದು ನಿಂತು ಆಕಾರ ನೋಡಿ. ಟೊಳ್ಳು ನೇರ ಗೆರೆಯ ಚೌಕವಾಗಿದ್ದರೆ ಅಡಿಯಲ್ಲಿ ಯಾರೋ ಕಟ್ಟಿದ ತೊಟ್ಟಿ ಇರುವ ಸಾಧ್ಯತೆ ಜಾಸ್ತಿ. ಅಂಕುಡೊಂಕಾಗಿ, ಅಂಚಿನ ಹತ್ತಿರ, ಪೈಪಿನ ಪಕ್ಕ ಇದ್ದರೆ ಮಣ್ಣು ಕೊಚ್ಚಿ ಹೋಗಿರಬಹುದು.

ಎರಡರಲ್ಲಿ ಯಾವುದು ಅಂತ ತೀರ್ಮಾನ ಆಗುವವರೆಗೆ ಮುಂದಿನ ಯಾವ ಅಳತೆಗೂ ಅರ್ಥ ಇಲ್ಲ. ನೆಲದ ಮೇಲಿನ ಸ್ಲ್ಯಾಬಿನಲ್ಲಿ ಭಾರ ಹೊರುವುದು ಬಹುಪಾಲು ಮಣ್ಣು, ಕಾಂಕ್ರೀಟ್ ಆ ಭಾರವನ್ನು ಹರಡುತ್ತದೆ ಅಷ್ಟೇ. ತೂಗುವ ಸ್ಲ್ಯಾಬಿನಲ್ಲಿ, ಅಂದರೆ ಅಡಿ ಖಾಲಿ ಇದ್ದು ಗೋಡೆಗಳ ಆಸರೆಯಲ್ಲಷ್ಟೇ ನಿಂತದ್ದರಲ್ಲಿ, ಮಣ್ಣಿನ ಸಹಾಯ ಸೊನ್ನೆ. ಪೂರ್ತಿ ಭಾರವನ್ನು ಒಳಗಿನ ಕಬ್ಬಿಣವೇ ಗೋಡೆಗೆ ದಾಟಿಸಬೇಕು.

ನೆಲದ ಮೇಲಿನ ಸ್ಲ್ಯಾಬ್: ನನ್ನ ಮನೆಯ ಮೂಲೆ

ನಮ್ಮ ಪಾರ್ಕಿಂಗ್ ಹಾಸಿನ ಗೇಟ್ ಕಡೆ ಮೂಲೆಯಲ್ಲಿ ಒಂದು ಓರೆ ಬಿರುಕು ಬಂತು. ಮೂಲೆಯಿಂದ ಎರಡಡಿ ದೂರದಲ್ಲಿ, ತ್ರಿಕೋನ ಕತ್ತರಿಸಿದ ಹಾಗೆ. ನೋಡಲು ಬಂದ ಮೇಸ್ತ್ರಿ ಒಂದೇ ಮಾತಿನಲ್ಲಿ ಕಾಂಕ್ರೀಟ್ ಸರಿ ಇಲ್ಲ, ಪೂರ್ತಿ ಒಡೆದು ಆರಿಂಚು ಹಾಕೋಣ ಅಂದರು. ನಾನೂ ಒಪ್ಪುವವನಿದ್ದೆ. ಆದರೆ ಸುತ್ತಿಗೆ ಹಿಡಿದು ತಟ್ಟಿದಾಗ ಆ ತ್ರಿಕೋನ, ಅದರ ಪಕ್ಕ ಒಂದು ಗಜದಷ್ಟು ಜಾಗ ಮಾತ್ರ ಡೊಳ್ಳು, ಉಳಿದದ್ದೆಲ್ಲ ಗಟ್ಟಿ. ಬಿರುಕಿಗೆ ಒಂದು ಬಕೆಟ್ ನೀರು ಸುರಿದೆ, ನಿಲ್ಲಲೇ ಇಲ್ಲ, ಗಟಗಟ ಅಂತ ಇಳಿದುಹೋಯಿತು. ಪಕ್ಕದ ಮಣ್ಣು ಅಗೆದು ನೋಡಿದರೆ ಸ್ಲ್ಯಾಬಿನ ಕೆಳಗೆ ಒಂದು ಗೇಣಿನಷ್ಟು ಖಾಲಿ ಜಾಗ! ತಾರಸಿಯ ಮಳೆನೀರಿನ ಪೈಪು ನೆಲದೊಳಗೆ ತಿರುಗುವ ಕಡೆ ಒಡೆದಿತ್ತು, ಪ್ರತಿ ಮಳೆಗೂ ಅಲ್ಲಿನ ಮಣ್ಣನ್ನು ಸ್ವಲ್ಪ ಸ್ವಲ್ಪವೇ ಒಯ್ದಿತ್ತು. ಕಾಂಕ್ರೀಟಿನ ಅಂಚು ಅಳೆದೆ, ಸರಿಯಾಗಿ ನಾಲ್ಕಿಂಚು, ಒಳಗೆ ಜಲ್ಲಿ ಒತ್ತಾಗಿ ಕೂತಿತ್ತು. ಅಲ್ಲಿ ಆರಿಂಚು ಹಾಕಿದ್ದರೂ ಪೈಪು ತನ್ನ ಕೆಲಸ ಮಾಡುತ್ತಲೇ ಇರುತ್ತಿತ್ತು, ಒಂದೆರಡು ವರ್ಷ ತಡವಾಗಿ ಅದೇ ಮೂಲೆ ಮುರಿಯುತ್ತಿತ್ತು ಅಲ್ವಾ.

ಮೂಲೆಯೇ ಯಾಕೆ ಮೊದಲು ಮುರಿಯುತ್ತದೆ ಅನ್ನುವುದು ಹಳೇ ವಿಷಯ. 1926ರಲ್ಲಿ ವೆಸ್ಟರ್‌ಗಾರ್ಡ್ ಅನ್ನುವ ಎಂಜಿನಿಯರ್ ಕಾಂಕ್ರೀಟ್ ರಸ್ತೆಯ ಮೇಲೆ ಚಕ್ರ ನಿಂತಾಗ ಏನಾಗುತ್ತದೆ ಅಂತ ಮೂರು ಜಾಗಕ್ಕೆ ಬೇರೆ ಬೇರೆ ಲೆಕ್ಕ ಕೊಟ್ಟರು: ಒಳಭಾಗ, ಅಂಚು, ಮೂಲೆ. ಒಳಭಾಗದಲ್ಲಿ ಸುತ್ತಲಿನ ಕಾಂಕ್ರೀಟೆಲ್ಲ ಕೈ ಕೊಡುತ್ತದೆ. ಅಂಚಿನಲ್ಲಿ ಅರ್ಧ ಭಾಗ ಮಾತ್ರ, ಮೂಲೆಯಲ್ಲಿ ಕಾಲು ಭಾಗ. ಇದರ ಜೊತೆಗೆ, ಸ್ಲ್ಯಾಬಿನ ಮೇಲ್ಮೈ ತಳಕ್ಕಿಂತ ಬೇಗ ಒಣಗಿ ಕುಗ್ಗುವುದರಿಂದ ಮೂಲೆಗಳು ಕೂದಲೆಳೆಯಷ್ಟು ಮೇಲಕ್ಕೆ ಸುರುಳಿಕೊಳ್ಳುತ್ತವೆ. ಅಂದರೆ ಮಣ್ಣು ಕೊಚ್ಚಿ ಹೋಗದಿದ್ದರೂ ಮೂಲೆಯ ಅಡಿಯಲ್ಲಿ ಆಸರೆ ಕಡಿಮೆ. ನಿಮ್ಮ ಗಾಡಿ ದಿನಾ ಒಂದೇ ಮೂಲೆ ಹತ್ತಿ ಒಳಗೆ ಬರುತ್ತಿದ್ದರೆ ಪರೀಕ್ಷೆ ಅಲ್ಲಿಂದಲೇ ಶುರು ಮಾಡಿ.

ದಪ್ಪ ಅಳೆಯುವುದು ಸುಲಭ. ಅಂಚಿನಲ್ಲಿ ಮಣ್ಣು ತೆಗೆದು ಅಳೆಯಬಹುದು, ಆದರೆ ಅಂಚು ಒಂದನ್ನೇ ನೋಡಿ ಮೋಸ ಹೋಗಬೇಡಿ. ಹಲಗೆ ಕಟ್ಟಿದ ಕಡೆ ದಪ್ಪ ಸರಿಯಾಗಿರುತ್ತದೆ, ನಡುವೆ ಮಣ್ಣು ಉಬ್ಬಿದ ಕಡೆ ಎರಡೂವರೆ ಇಂಚೂ ಇರಬಹುದು. ಎರಡು ಮೂರು ಕಡೆ 10 ಅಥವಾ 12 ಮಿ.ಮೀ. ಬಿಟ್ ಹಾಕಿ ತೂತು ಕೊರೆಯಿರಿ. ತುದಿ ಬಗ್ಗಿಸಿದ ತಂತಿಯನ್ನು ಒಳಗೆ ಬಿಟ್ಟು ಸ್ಲ್ಯಾಬಿನ ತಳಕ್ಕೆ ಕೊಕ್ಕೆ ಹಾಕಿ, ಮೇಲ್ಮೈ ಹತ್ತಿರ ಗುರುತು ಮಾಡಿ ಎಳೆದು ಅಳೆಯಿರಿ. ಅದೇ ತೂತಿನಲ್ಲಿ ತಂತಿ ಇನ್ನೂ ಕೆಳಗೆ ಸಲೀಸಾಗಿ ಇಳಿದರೆ ಅಲ್ಲಿ ಟೊಳ್ಳಿದೆ ಅಂತ ಗೊತ್ತಾಗುತ್ತದೆ. ಕೊರೆಯುವ ಮೊದಲು ವಿದ್ಯುತ್ ಕೇಬಲ್, ನೀರಿನ ಪೈಪು ಎಲ್ಲಿ ಹೋಗಿವೆ ಅಂತ ಖಚಿತ ಮಾಡಿಕೊಳ್ಳಿ. ದೊಡ್ಡ ಕಟ್ಟಡದ ಸ್ಲ್ಯಾಬ್ ಆದರೆ ಕೊರೆಯಲೇಬೇಡಿ, ಒಳಗೆ ಬಿಗಿದು ಎಳೆದ ಕೇಬಲ್ ಇದ್ದರೆ ಅದಕ್ಕೆ ಬಿಟ್ ತಾಗುವುದು ತುಂಬಾ ಅಪಾಯ.

ಅಳತೆ ಸಿಕ್ಕ ಮೇಲೆ: ಗಟ್ಟಿ ನೆಲದ ಮೇಲೆ ಸಾಧಾರಣ ಕಾರಿಗೆ 100 ಮಿ.ಮೀ., ಅಂದರೆ ನಾಲ್ಕಿಂಚು, ಸಾಕಾಗುತ್ತದೆ. ಭಾರದ ಎಸ್‌ಯುವಿ, ಸಣ್ಣ ಸರಕು ಗಾಡಿಗೆ 125ರಿಂದ 150 ಇರಬೇಕು. ಲಾರಿ ಬರುವ ಜಾಗಕ್ಕೆ 150ರ ಮೇಲೆ, ಅದರಡಿ ಚೆನ್ನಾಗಿ ದಿಮ್ಮಸು ಹೊಡೆದ ಜಲ್ಲಿಯ ಹಾಸು, ಜೊತೆಗೆ ಎಂಜಿನಿಯರ್ ಲೆಕ್ಕ ಬೇಕು. ಒಂದು ಇಂಚು ಕಡಿಮೆ ಆದರೆ ಏನು ಮಹಾ ಅನ್ನಿಸಬಹುದು. ಆದರೆ ಬಾಗುವಿಕೆಯನ್ನು ತಡೆಯುವ ಶಕ್ತಿ ದಪ್ಪದ ವರ್ಗದ ಲೆಕ್ಕದಲ್ಲಿ ಏರಿಳಿಯುತ್ತದೆ. ನಾಲ್ಕಿಂಚಿನ ಜಾಗದಲ್ಲಿ ಮೂರಿಂಚು ಇದ್ದರೆ ಶಕ್ತಿ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಮಾತ್ರ ಉಳಿಯುತ್ತದೆ. ಅದೇ ಆರಿಂಚಾದರೆ ನಾಲ್ಕಿಂಚಿನ ಎರಡೂಕಾಲು ಪಟ್ಟು.

ಈ ಹಾಸಿನಲ್ಲಿ ಕಬ್ಬಿಣದ ಜಾಲರಿ ಇದೆ, ಹಾಗಾಗಿ ಭಾರ ತಡೆಯುತ್ತದೆ ಅಂತ ಹೇಳುವವರಿದ್ದಾರೆ. ಜಾಲರಿಯ ಕೆಲಸ ಬಿರುಕು ಬಿಟ್ಟ ಮೇಲೆ ಎರಡು ಬದಿಯನ್ನು ಬಿಗಿಯಾಗಿ ಹಿಡಿದಿಡುವುದು, ಭಾರ ಹೊರುವ ಶಕ್ತಿಯನ್ನು ಅದು ಹೆಚ್ಚೇನೂ ಏರಿಸುವುದಿಲ್ಲ. ಅದು ಇರಬೇಕಾದದ್ದು ಮೇಲಿನ ಮೂರನೇ ಒಂದು ಭಾಗದಲ್ಲಿ. ಕವರ್ ಬ್ಲಾಕ್ (ಕಬ್ಬಿಣವನ್ನು ಎತ್ತಿ ಹಿಡಿಯುವ ಸಣ್ಣ ಬಿಲ್ಲೆ) ಇಡದೆ ಕಾಂಕ್ರೀಟ್ ಸುರಿದರೆ ಜಾಲರಿ ಮಣ್ಣಿಗೆ ಅಂಟಿಕೊಂಡು ಮಲಗಿರುತ್ತದೆ, ಆಗ ಆ ಕೆಲಸವೂ ಆಗುವುದಿಲ್ಲ.

ಇನ್ನು ಬಿರುಕುಗಳು. ಜೇಡರ ಬಲೆಯ ಹಾಗೆ ಮೇಲ್ಮೈಯಲ್ಲಿ ಹರಡಿದ ಸಣ್ಣ ಗೆರೆಗಳು ಕ್ಯೂರಿಂಗ್ (ಹೊಸ ಕಾಂಕ್ರೀಟನ್ನು ಒದ್ದೆ ಇಡುವುದು) ಸರಿಯಾಗದೆ ಬಂದವು, ಭಾರಕ್ಕೂ ಅವಕ್ಕೂ ಸಂಬಂಧ ಇಲ್ಲ. ಉದ್ದಕ್ಕೆ ಅಡ್ಡಲಾಗಿ ಒಂದೇ ನೇರ ಬಿರುಕು, ಎರಡು ಬದಿಯೂ ಒಂದೇ ಮಟ್ಟ, ಇದು ಹೆಚ್ಚಾಗಿ ಕುಗ್ಗುವಿಕೆಯದ್ದು. ಜಾಯಿಂಟುಗಳನ್ನು, ಅಂದರೆ ಹಾಸಿನಲ್ಲಿ ಬೇಕೆಂದೇ ಬಿಡುವ ಸೀಳು ಗೆರೆಗಳನ್ನು, ದಪ್ಪದ 24ರಿಂದ 30 ಪಟ್ಟು ದೂರದೊಳಗೆ ಕೊಡದಿದ್ದರೆ, ಅಂದರೆ ನಾಲ್ಕಿಂಚು ಹಾಸಿಗೆ ಸುಮಾರು ಎಂಟರಿಂದ ಹತ್ತು ಅಡಿಗೊಂದು ಇಲ್ಲದಿದ್ದರೆ, ಕಾಂಕ್ರೀಟ್ ತನ್ನ ಜಾಯಿಂಟನ್ನು ತಾನೇ ಮಾಡಿಕೊಳ್ಳುತ್ತದೆ. ಚಿಂತೆ ಮಾಡಬೇಕಾದದ್ದು ಮೂಲೆಯ ಓರೆ ಬಿರುಕು, ಚಕ್ರ ಓಡಾಡುವ ಗೆರೆಯುದ್ದಕ್ಕೂ ಬಂದ ಬಿರುಕು, ಒಂದು ಬದಿ ಕೆಳಗಿಳಿದ ಬಿರುಕು. ಅಗಲ ನೋಡಲು ಎಟಿಎಂ ಕಾರ್ಡ್ ಸಾಕು, ಅದರ ದಪ್ಪ 0.76 ಮಿ.ಮೀ. ಕಾರ್ಡಿನ ಅಂಚು ಬಿರುಕಿನೊಳಗೆ ಇಳಿದರೆ ಎರಡು ಬದಿಯ ಜಲ್ಲಿಗಳು ಒಂದಕ್ಕೊಂದು ಕಚ್ಚಿಕೊಂಡು ಭಾರ ದಾಟಿಸುವುದು ಬಹುಪಾಲು ನಿಂತಿದೆ ಅಂತ ತಿಳಿಯಿರಿ. ಆ ಬಿರುಕು ಈಗ ಒಂದು ಹೊಸ ಅಂಚು.

ಮಳೆ ನಿಂತ ಮರುದಿನ ಯಾರಿಗಾದರೂ ಗಾಡಿಯನ್ನು ನಿಧಾನ ಓಡಿಸಲು ಹೇಳಿ, ನೀವು ಪಕ್ಕದಲ್ಲಿ ಕೂತು ಜಾಯಿಂಟ್ ನೋಡಿ. ನೆಲದ ಮೇಲಿನ ಹಾಸು ಅಂತ ಖಚಿತ ಇದ್ದರೆ ಮಾತ್ರ ಇದನ್ನು ಮಾಡಬೇಕು. ಚಕ್ರ ದಾಟುವಾಗ ಕೆಸರು ನೀರು ಪುಸಕ್ಕನೆ ಚಿಮ್ಮಿದರೆ, ಅಥವಾ ಒಂದು ಬದಿ ಕೂದಲಷ್ಟಾದರೂ ಅಲುಗಿದರೆ, ಅಡಿಯ ಮಣ್ಣು ನೀರಿನ ಜೊತೆ ಹೊರಬರುತ್ತಿದೆ. ಆಗ ಕಾಂಕ್ರೀಟ್ ಎಷ್ಟೇ ಒಳ್ಳೆಯದಿದ್ದರೂ ಅದರ ಆಯಸ್ಸು ಜಾಸ್ತಿ ಇಲ್ಲ.

ತೂಗುವ ಸ್ಲ್ಯಾಬ್: ಎಲ್ಲರೂ ಎಡವುವ ಲೆಕ್ಕ

ಲೆಕ್ಕ ಹೀಗೆ ಮಾಡುವುದನ್ನು ನೋಡಿದ್ದೇನೆ. ಕಾರು 1500 ಕೆಜಿ. ನಿಲ್ಲುವ ಜಾಗ ಎರಡೂವರೆ ಮೀಟರ್ ಅಗಲ, ಐದು ಮೀಟರ್ ಉದ್ದ, ಅಂದರೆ 12.5 ಚದರ ಮೀಟರ್. ಭಾಗಿಸಿದರೆ ಚದರ ಮೀಟರಿಗೆ 120 ಕೆಜಿ. ವಾಸದ ಕೋಣೆಯ ನೆಲಕ್ಕೇ ಬಹಳಷ್ಟು ದೇಶಗಳ ನಿಯಮ 150ರಿಂದ 200 ಕೆಜಿ ಹಿಡಿಯುತ್ತದೆ, ಹಾಗಾದರೆ ಕಾರು ಆರಾಮಾಗಿ ನಿಲ್ಲುತ್ತದೆ! ಗುಣಾಕಾರ ಭಾಗಾಕಾರ ಸರಿ ಇದೆ. ಆದರೆ ಕಾರು ಹೊಟ್ಟೆ ಊರಿ ಮಲಗುವುದಿಲ್ಲ, ನಾಲ್ಕು ಚಕ್ರದ ಮೇಲೆ ನಿಲ್ಲುತ್ತದೆ. ಎಂಜಿನ್ ಮುಂದಿರುವ ಕಾರಿನಲ್ಲಿ ಭಾರದ ಸುಮಾರು ಶೇ. 60 ಮುಂದಿನ ಎರಡು ಚಕ್ರದ ಮೇಲೆ, ಒಂದೊಂದಕ್ಕೆ 450 ಕೆಜಿ. ಟೈರಿನ ಗಾಳಿ ಚದರ ಸೆಂಟಿಮೀಟರಿಗೆ 2.25 ಕೆಜಿ ಇದ್ದರೆ ನೆಲಕ್ಕೆ ತಾಗುವ ಜಾಗ 200 ಚದರ ಸೆಂ.ಮೀ., ಹೆಚ್ಚುಕಡಿಮೆ ಬೆರಳು ಸೇರಿದ ಅಂಗೈಯಷ್ಟು. ಪಂಕ್ಚರ್ ಆಗಿ ಜಾಕ್ ಹಾಕಿದರೆ ಅಷ್ಟೇ ಭಾರ ಇನ್ನೂ ಚಿಕ್ಕ ಜಾಗಕ್ಕೆ ಬರುತ್ತದೆ. ಪಾರ್ಕಿಂಗ್ ನೆಲಕ್ಕೆ ನಿಯಮಗಳು ಹರಡಿದ ಭಾರದ ಜೊತೆ ಒಂದೇ ಬಿಂದುವಿನ ಭಾರವನ್ನೂ ಬೇರೆಯಾಗಿ ನೋಡಲು ಹೇಳುವುದು ಇದಕ್ಕೇ. ಅಮೆರಿಕದ ನಿಯಮದಲ್ಲಿ ಅದು 3000 ಪೌಂಡ್, ಸುಮಾರು 1360 ಕೆಜಿ, ನಾಲ್ಕೂವರೆ ಇಂಚು ಚೌಕದ ಮೇಲೆ.

ಒಂದು ಒರಟು ಲೆಕ್ಕ ಮಾಡೋಣ. ಎರಡು ಗೋಡೆಗಳ ನಡುವೆ 3 ಮೀಟರ್ ಹಾಯುವ ಸ್ಲ್ಯಾಬ್, ಕೋಣೆಯ ನೆಲಕ್ಕೆ ಹಿಡಿಯುವ 200 ಕೆಜಿಗೆ ಕಟ್ಟಿದ್ದು ಅಂದುಕೊಳ್ಳಿ. ಆ 200 ಕೆಜಿಯಿಂದ ನಡುವೆ ಬರುವ ಬಾಗಿಸುವ ಬಲ, ಒಂದು ಮೀಟರ್ ಅಗಲದ ಪಟ್ಟಿಗೆ, 200 × 3 × 3 ÷ 8, ಅಂದರೆ 225 ಕೆಜಿ-ಮೀಟರ್. ಈಗ ಕಾರಿನ ಮುಂದಿನ ಎರಡು ಚಕ್ರ, ಒಟ್ಟು 900 ಕೆಜಿ, ಸರಿಯಾಗಿ ನಡುವೆ ನಿಂತರೆ 900 × 3 ÷ 4, ಅಂದರೆ 675. ಇದನ್ನು ಚಕ್ರದ ಅಕ್ಕಪಕ್ಕದ ಸುಮಾರು ಮೂರೂವರೆ ಮೀಟರ್ ಅಗಲದ ಸ್ಲ್ಯಾಬ್ ಹಂಚಿಕೊಳ್ಳುತ್ತದೆ, ಮೀಟರಿಗೆ ಸುಮಾರು 193. 225ರ ಒಳಗಿದೆ, ಆದರೆ ಹೆಚ್ಚು ಅಂತರ ಇಲ್ಲ. ಈಗ ಜನ ತುಂಬಿದ ಎರಡೂವರೆ ಟನ್ನಿನ ಎಸ್‌ಯುವಿ ತನ್ನಿ, ಒಂದು ಆಕ್ಸಲ್ (ಒಂದು ಜೋಡಿ ಚಕ್ರದ ಅಚ್ಚು) ಮೇಲೆ 1300 ಕೆಜಿ. ಅದು 279ಕ್ಕೆ ಹೋಗುತ್ತದೆ, ಮಿತಿ ದಾಟಿತು. ಅದೇ ಸಣ್ಣ ಕಾರು ಸಂಪಿನ ಬಾಯಿಯ ಪಕ್ಕ ಅಥವಾ ಆಸರೆ ಇಲ್ಲದ ಅಂಚಿನಲ್ಲಿ ನಿಂತರೆ? ಅಲ್ಲಿ ಹಂಚಿಕೊಳ್ಳಲು ಒಂದೇ ಬದಿ ಇದೆ, ಒಂದು 450 ಕೆಜಿ ಚಕ್ರವೇ 300ರ ಆಸುಪಾಸು ತರುತ್ತದೆ. ಬಹಳ ಸಲ ಮುಚ್ಚಳದ ಬಾಯಿಯ ಮೂಲೆಯಿಂದಲೇ ಬಿರುಕು ಹೊರಡುವುದು ಯಾಕೆ ಅಂತ ಈಗ ಗೊತ್ತಾಯಿತಲ್ಲ.

ಈಗ ನೀರಿನ ಟ್ಯಾಂಕರ್. 6000 ಲೀಟರ್ ನೀರು ಅಂದರೆ ಅದೇ 6 ಟನ್, ಗಾಡಿ ಬೇರೆ. ಹಿಂದಿನ ಆಕ್ಸಲ್ ಮೇಲೆ 7 ಟನ್ ಬರುತ್ತದೆ ಅಂತ ಹಿಡಿದರೆ ಅದೇ ಲೆಕ್ಕದಲ್ಲಿ 1500, ಸ್ಲ್ಯಾಬ್ ಕಟ್ಟಿದ್ದರ ಆರೂವರೆ ಪಟ್ಟಿಗೂ ಜಾಸ್ತಿ. ಕಾರು ಹತ್ತು ವರ್ಷ ನಿಂತಿತ್ತು, ಏನೂ ಆಗಿರಲಿಲ್ಲ ಅನ್ನುವುದು ಇಲ್ಲಿ ಯಾವ ಭರವಸೆಯನ್ನೂ ಕೊಡುವುದಿಲ್ಲ. ಸಂಪು ತುಂಬಲು ಬಂದ ಟ್ಯಾಂಕರ್ ಸಂಪಿನ ಮೇಲೇ ಹಿಂಬದಿ ಹಾಕಿ ನಿಲ್ಲುತ್ತದೆ, ಮನೆ ಸಾಮಾನು ತಂದ ಲಾರಿ ಅಂಗಳಕ್ಕೆ ಬರುತ್ತದೆ, ಪಕ್ಕದ ಕೆಲಸಕ್ಕೆ ಬಂದ ರೆಡಿಮಿಕ್ಸ್ ಲಾರಿ ತಿರುಗಿಸಲು ಒಳಗೆ ನುಗ್ಗುತ್ತದೆ. ದಯವಿಟ್ಟು ಆ ಒಂದು ದಿನವನ್ನು ಲೆಕ್ಕಕ್ಕೆ ಹಿಡಿಯಿರಿ. ನೆಲದ ಮೇಲಿನ ಹಾಸಿಗೂ ಭಾರದ ಗಾಡಿ ಇದೇ ರೀತಿ ದುಬಾರಿ. 1958ರಿಂದ 1960ರವರೆಗೆ ಅಮೆರಿಕದ ಇಲಿನಾಯ್ ರಾಜ್ಯದ ಒಟ್ಟಾವಾ ಹತ್ತಿರ ಲಾರಿಗಳನ್ನು ಹಗಲೂ ರಾತ್ರಿ ಓಡಿಸಿ ಮಾಡಿದ ದೊಡ್ಡ ರಸ್ತೆ ಪರೀಕ್ಷೆಯಿಂದ ತಿಳಿದದ್ದು, ರಸ್ತೆಗೆ ಆಗುವ ಸವೆತ ಆಕ್ಸಲ್ ಭಾರದ ಸುಮಾರು ನಾಲ್ಕನೇ ಘಾತದಲ್ಲಿ ಏರುತ್ತದೆ ಅಂತ. ಭಾರ ಎರಡು ಪಟ್ಟಾದರೆ ಹಾನಿ ಹದಿನಾರು ಪಟ್ಟು.

ಮೇಲಿನ ಲೆಕ್ಕವನ್ನು ನಿಮ್ಮ ಸ್ಲ್ಯಾಬಿಗೆ ನೇರವಾಗಿ ಹಚ್ಚಿ ತೀರ್ಮಾನ ಮಾಡಬೇಡಿ. ಅದರಲ್ಲಿ ನಾನು ಒಳಗಿನ ಕಬ್ಬಿಣ ಹಾಕಬೇಕಾದಷ್ಟು ಹಾಕಿದ್ದಾರೆ, ಸರಿಯಾದ ಜಾಗದಲ್ಲಿದೆ, ತುಕ್ಕು ಹಿಡಿದಿಲ್ಲ ಅಂತ ನಂಬಿಕೊಂಡಿದ್ದೇನೆ. ತೊಟ್ಟಿಯ ಮುಚ್ಚಳದ ವಿಷಯದಲ್ಲಿ ಈ ಮೂರೂ ಅನುಮಾನವೇ. ಒಳಗೆ ಯಾವಾಗಲೂ ತೇವ, ಸೆಪ್ಟಿಕ್ ಟ್ಯಾಂಕಿನಲ್ಲಾದರೆ ಕಾಂಕ್ರೀಟನ್ನೇ ತಿನ್ನುವ ಅನಿಲ ಬೇರೆ. ತುಕ್ಕು ಕಬ್ಬಿಣಕ್ಕಿಂತ ಎರಡರಿಂದ ಆರು ಪಟ್ಟು ಜಾಗ ಕೇಳುತ್ತದೆ, ಹಾಗಾಗಿ ತಳದ ಕಾಂಕ್ರೀಟನ್ನು ಒಡೆದು ಉದುರಿಸುತ್ತದೆ. 8 ಮಿ.ಮೀ. ಸರಳು ಸವೆದು ಆರೂವರೆ ಆಗಿದ್ದರೆ ಅದರ ಶಕ್ತಿಯ ಮೂರನೇ ಒಂದು ಭಾಗ ಹೋಗಿದೆ. ಮೇಲಿನಿಂದ ನೋಡಿದರೆ ಇದ್ಯಾವುದೂ ಕಾಣುವುದಿಲ್ಲ, ಮೇಲ್ಮೈ ನುಣ್ಣಗೆ ಇರುತ್ತದೆ.

ತಳ ಕಾಣುವ ಹಾಗಿದ್ದರೆ ಟಾರ್ಚನ್ನು ಓರೆಯಾಗಿ ಹಿಡಿದು ನೋಡಿ. ನಡುಭಾಗದಲ್ಲಿ, ಗೋಡೆಗೆ ಸಮಾನಾಂತರವಾಗಿ ಬಂದ ಬಿರುಕು ಬಾಗುವಿಕೆಯದ್ದು. ಸರಳಿನ ಗೆರೆಯಲ್ಲೇ, ಸಮದೂರದಲ್ಲಿ ಬಂದ ಬಿರುಕುಗಳು, ಕಂದು ಕಲೆಗಳು ತುಕ್ಕಿನವು. ಆಸರೆಯ ಹತ್ತಿರ ಓರೆಯಾಗಿ ಬಂದದ್ದು, ಕಂಬದ ಸುತ್ತ ಉಂಗುರದ ಹಾಗೆ ಬಂದದ್ದು ಎಲ್ಲಕ್ಕಿಂತ ಅಪಾಯ, ಅದು ಕತ್ತರಿಸಿಕೊಂಡು ಬೀಳುವ ಮೊದಲಿನ ಗುರುತು. ಬಾಗಿ ಸೋಲುವ ಸ್ಲ್ಯಾಬ್ ಸಾಮಾನ್ಯವಾಗಿ ಮೊದಲೇ ತೋರಿಸಿಕೊಡುತ್ತದೆ, ಕತ್ತರಿಸಿ ಸೋಲುವುದು ಬಹಳ ಸಲ ಏನೂ ಹೇಳುವುದಿಲ್ಲ. ಗೋಡೆಯಿಂದ ಗೋಡೆಗೆ ದಾರ ಬಿಗಿದು ನಡುವೆ ಎಷ್ಟು ಇಳಿದಿದೆ ಅಳೆಯಿರಿ. 3 ಮೀಟರ್ ಹಾಯುವಿಕೆಗೆ 12 ಮಿ.ಮೀ. ಮೀರಬಾರದು ಅನ್ನುವುದು ಸಾಮಾನ್ಯ ಮಿತಿ. ಸೆಂಟ್ರಿಂಗ್ ಹಾಕುವಾಗಲೇ ತಗ್ಗಾಗಿರಬಹುದು, ಹಾಗಾಗಿ ಅಳತೆಯನ್ನು ದಿನಾಂಕದ ಜೊತೆ ಬರೆದಿಟ್ಟು ತಿಂಗಳ ನಂತರ ಮತ್ತೆ ಅಳೆಯಿರಿ. ಬಿರುಕಿನ ಎರಡು ತುದಿಗೂ ಪೆನ್ಸಿಲ್ ಗೆರೆ ಎಳೆದು ದಿನಾಂಕ ಹಾಕಿ, ಅದು ಬೆಳೆಯುತ್ತಿದೆಯಾ ಅಂತ ಆಗ ಗೊತ್ತಾಗುತ್ತದೆ.

ಚಾಚಿದ ಸ್ಲ್ಯಾಬಿನಲ್ಲಿ ಮುಖ್ಯ ಕಬ್ಬಿಣ ಮೇಲ್ಭಾಗದಲ್ಲಿ ಇರಬೇಕು. ಕಾಂಕ್ರೀಟ್ ಹಾಕುವ ದಿನ ಜನ ತುಳಿದು ಅದು ಕೆಳಗೆ ಹೋಗಿದ್ದರೆ ಆ ಸ್ಲ್ಯಾಬ್ ತನ್ನ ಭಾರವನ್ನಷ್ಟೇ ಹೇಗೋ ಹೊತ್ತು ನಿಂತಿರುತ್ತದೆ. ಅದರ ಮೇಲೆ ಗಾಡಿ, ಬೈಕ್ ಆದರೂ ಸರಿ, ಲೆಕ್ಕ ಇಲ್ಲದೆ ನಿಲ್ಲಿಸಬೇಡಿ.

ಇವು ಪರೀಕ್ಷೆಗಳಲ್ಲ

ಮೇಲೆ ನಿಂತು ಕುಣಿದು ನೋಡುವುದು. ನಾಲ್ಕು ಜನ ಅಂದರೆ 280 ಕೆಜಿ, ಒಂದು ಚಕ್ರದ ಭಾರವೂ ಆಗಲಿಲ್ಲ. ಕಾರನ್ನು ಒಂದು ರಾತ್ರಿ ನಿಲ್ಲಿಸಿ ಬೆಳಿಗ್ಗೆ ಬಿರುಕು ಹುಡುಕುವುದು ಇನ್ನೂ ಕೆಟ್ಟದ್ದು, ಅದು ಸ್ಲ್ಯಾಬನ್ನು ಮಿತಿಯ ಹತ್ತಿರ ಒಯ್ದು ಬಿಟ್ಟಿರಬಹುದು, ಮಿತಿ ಎಲ್ಲಿ ಅಂತ ನಿಮಗೆ ತಿಳಿಯುವುದಿಲ್ಲ. ಎಂಜಿನಿಯರುಗಳು ಮಾಡುವ ಭಾರ ಪರೀಕ್ಷೆ ಬೇರೆ. ಕೆಳಗೆ ಬಿದ್ದರೆ ಹಿಡಿಯಲು ಆಸರೆ ಕೊಟ್ಟು, ಹಂತ ಹಂತವಾಗಿ ಭಾರ ಏರಿಸಿ, 24 ಗಂಟೆ ಬಿಟ್ಟು, ಎಷ್ಟು ಬಗ್ಗಿತು, ಭಾರ ತೆಗೆದ ಮೇಲೆ ಎಷ್ಟು ವಾಪಸ್ ಬಂತು ಅಂತ ಅಳೆಯುತ್ತಾರೆ.

ಸುಮ್ನೆ ಮೇಲೆ ಎರಡಿಂಚು ಹೊಸ ಕಾಂಕ್ರೀಟ್ ಹಾಕಿಸಿಬಿಡೋಣ ಅನ್ನುವ ಸಲಹೆ ತೂಗುವ ಸ್ಲ್ಯಾಬಿಗೆ ಅಪಾಯ. ಎರಡಿಂಚು ಅಂದರೆ ಚದರ ಮೀಟರಿಗೆ 120 ಕೆಜಿ ಹೊಸ ಭಾರ. ಕೆಳಗಿನ ಕಬ್ಬಿಣ ಅಷ್ಟೇ ಇದೆ, ಹಳೆಯದಕ್ಕೂ ಹೊಸದಕ್ಕೂ ಸರಿಯಾದ ಬೆಸುಗೆ ಇಲ್ಲದಿದ್ದರೆ ಆ ಪದರ ಶಕ್ತಿಗೆ ಸೇರುವುದೇ ಇಲ್ಲ, ಭಾರಕ್ಕೆ ಮಾತ್ರ ಸೇರುತ್ತದೆ. ಕಬ್ಬಿಣದ ತಗಡು ಹಾಸುವುದು ಚಕ್ರ ತೂರಿಕೊಂಡು ಹೋಗುವುದನ್ನು ಸ್ವಲ್ಪ ತಡೆಯಬಹುದು, ಬಾಗುವಿಕೆಯನ್ನು ಹೆಚ್ಚೇನೂ ಕಡಿಮೆ ಮಾಡುವುದಿಲ್ಲ.

ಎಂಜಿನಿಯರ್ ಬಂದಾಗ ಕಬ್ಬಿಣ ಎಲ್ಲಿದೆ, ಎಷ್ಟು ಆಳದಲ್ಲಿದೆ ಅಂತ ಕವರ್ ಮೀಟರ್ ಅಥವಾ ರೇಡಾರ್ ಹಿಡಿದು ನೋಡುತ್ತಾರೆ. ಒಂದೆರಡು ಕಡೆ ಕಾಂಕ್ರೀಟ್ ಬಿಡಿಸಿ ಸರಳಿನ ದಪ್ಪ ಅಳೆಯುತ್ತಾರೆ. ಬಿಡಿಸಿದ ಹೊಸ ಮುಖಕ್ಕೆ ಫಿನಾಲ್ಫ್ತಲೀನ್ ಸಿಂಪಡಿಸಿದಾಗ ಆರೋಗ್ಯವಾಗಿರುವ ಕಾಂಕ್ರೀಟ್ ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಬಣ್ಣ ಬರದ ಪದರ ಸರಳಿನವರೆಗೂ ಮುಟ್ಟಿದ್ದರೆ ಕಬ್ಬಿಣಕ್ಕೆ ರಕ್ಷಣೆ ಹೋಗಿದೆ. ಬರೀ ರಿಬೌಂಡ್ ಹ್ಯಾಮರ್ ಬಡಿದು ಕಾಂಕ್ರೀಟ್ ಚೆನ್ನಾಗಿದೆ ಅಂತ ಕಾಗದ ಕೊಟ್ಟರೆ ಒಪ್ಪಬೇಡಿ. ಅದು ಮೇಲ್ಮೈಯ ಗಡಸುತನ ಮಾತ್ರ ಹೇಳುತ್ತದೆ, ಹಳೇ ಕಾಂಕ್ರೀಟಿನ ಮೇಲ್ಮೈ ಇದ್ದದ್ದಕ್ಕಿಂತ ಗಟ್ಟಿಯಾಗಿ ತೋರುತ್ತದೆ, ಕಬ್ಬಿಣದ ಬಗ್ಗೆ ಒಂದಕ್ಷರ ಹೇಳುವುದಿಲ್ಲ. ಶಕ್ತಿ ತಿಳಿಯಬೇಕಾದರೆ ಕೋರ್ (ಕೊರೆದು ತೆಗೆದ ಕಾಂಕ್ರೀಟಿನ ಉರುಳೆ) ತೆಗೆದು ಯಂತ್ರದಲ್ಲಿ ಒತ್ತಿ ನೋಡಬೇಕು. ಅವರಿಗೆ ಕೊಡಲು ನೀವು ಇಷ್ಟು ಸಿದ್ಧ ಮಾಡಿಡಿ: ಅಳತೆ ಹಾಕಿದ ಕೈಚಿತ್ರ, ಗೋಡೆ ಎಲ್ಲೆಲ್ಲಿದೆ, ಬಾಯಿ ಎಲ್ಲಿದೆ, ಡೊಳ್ಳು ಸದ್ದಿನ ಗುರುತು, ಬಿರುಕಿನ ಪಕ್ಕ ಸ್ಕೇಲ್ ಇಟ್ಟ ಫೋಟೊ, ಬರುವ ಅತಿ ಭಾರದ ಗಾಡಿಯ ತುಂಬಿದ ತೂಕ. ಖಾಲಿ ತೂಕ ಕೊಟ್ಟರೆ ಲೆಕ್ಕ ತಪ್ಪುತ್ತದೆ.

ಏನು ಮಾಡಬಹುದು

ನೆಲದ ಹಾಸಿಗೆ ಮೊದಲು ನೀರನ್ನು ನಿಲ್ಲಿಸಿ. ಪೈಪು ಸರಿ ಮಾಡದೆ ಟೊಳ್ಳು ತುಂಬಿಸಿದರೆ ಅದೂ ಒಂದು ದಿನ ಕೊಚ್ಚಿ ಹೋಗುತ್ತದೆ. ಕಾಂಕ್ರೀಟ್ ಮುರಿದಿಲ್ಲ, ಅಡಿಯಲ್ಲಿ ಮಾತ್ರ ಖಾಲಿ ಇದೆ ಅಂದರೆ ತೂತು ಕೊರೆದು ಸಿಮೆಂಟ್ ಗ್ರೌಟ್ (ತೆಳು ಸಿಮೆಂಟ್ ಕಲಸು) ತುಂಬಬಹುದು. ಮುರಿದಿದ್ದರೆ ಜಾಯಿಂಟಿನಿಂದ ಜಾಯಿಂಟಿಗೆ ಆ ಭಾಗವನ್ನು ಕತ್ತರಿಸಿ ತೆಗೆದು, ಅಡಿಯನ್ನು ಪದರ ಪದರವಾಗಿ ದಿಮ್ಮಸು ಹೊಡೆದು, ಹೊಸದಾಗಿ ಹಾಕಿ, ಅಂಚನ್ನು ಒಂದೆರಡು ಇಂಚು ದಪ್ಪ ಮಾಡಿ.

ತೂಗುವ ಸ್ಲ್ಯಾಬಿಗೆ ಅತಿ ಒಳ್ಳೆಯ ಉಪಾಯ ಗಾಡಿಯನ್ನು ಅದರ ಮೇಲೆ ಬರದ ಹಾಗೆ ಮಾಡುವುದು. ನಾಲ್ಕು ಗಟ್ಟಿ ಕಂಬ ನೆಟ್ಟುಬಿಡಿ, ಬರೀ ಬೋರ್ಡು ಸಾಲದು, ರಾತ್ರಿ ಹಿಂದಕ್ಕೆ ಬರುವ ಲಾರಿಗೆ ಬೋರ್ಡು ಕಾಣುವುದಿಲ್ಲ. ಜಾಗ ಬೇಕೇ ಬೇಕು ಅಂದರೆ ಕೆಳಗೆ ಉಕ್ಕಿನ ತೊಲೆ ಕೊಟ್ಟು ಹಾಯುವಿಕೆ ಕಡಿಮೆ ಮಾಡಬಹುದು, ಅಥವಾ ಹಳೇ ಸ್ಲ್ಯಾಬನ್ನು ಮುಟ್ಟದೆ ಅದರ ಮೇಲೆ, ತೊಟ್ಟಿಯ ಗೋಡೆಯಾಚೆ ಸ್ವಂತ ಪಾಯ ಇರುವ ಹೊಸ ಸ್ಲ್ಯಾಬ್ ಹಾಕಬಹುದು. ಎರಡನ್ನೂ ಎಂಜಿನಿಯರ್ ಲೆಕ್ಕ ಮಾಡಿ, ಎಷ್ಟು ಟನ್ನಿಗೆ ಅಂತ ಬರೆದು ಕೊಡಬೇಕು.

ನಮ್ಮ ಮೂಲೆಗೆ ಬಂದರೆ, ಪೈಪು ಬದಲಾಯಿಸಿ ಆ ಒಂದು ಭಾಗವನ್ನು ಮಾತ್ರ ಮತ್ತೆ ಹಾಕಿದೆವು. ಏಳು ದಿನ ಒದ್ದೆ ಗೋಣಿ ಹೊದಿಸಿ ಇಟ್ಟೆವು, ಕಾರನ್ನು 28 ದಿನ ಹೊರಗೇ ನಿಲ್ಲಿಸಿದೆವು. ಹಗುರ ಕಾರಿಗೆ ಅಷ್ಟು ಕಾಯಬೇಕಾಗಿಲ್ಲ, ಏಳರಿಂದ ಹತ್ತು ದಿನ ಸಾಕು ಅಂತ ಹೇಳಿದ್ದರು. ಆದರೆ ಅದು ಮೂಲೆ, ನಾವು ಕಾದೆವು.